ಪೇಟೆ ಬೀದಿಯಲ್ಲಿ ಭರತನಾಟ್ಯದ ಫೋಟೋ ಶೂಟ್: ಛಾಯಾಗ್ರಾಹಕರ ಜೊತೆ ಕೆಲಸ ಮಾಡುವ ನರ್ತಕಿಗೆ ಮಾರ್ಗದರ್ಶಿ

ನೃತ್ಯ ಕಛೇರಿಯ ದಿನ ಸಭಾಂಗಣಕ್ಕೆ ಬರುವ ಛಾಯಾಗ್ರಾಹಕರು ಪ್ರೇಕ್ಷಕರ ಪೈಕಿಯೇ ಒಬ್ಬರು. ನೃತ್ಯ ತನ್ನ ಪಾಡಿಗೆ ಸಾಗುತ್ತದೆ, ನೃತ್ಯವನ್ನು ನಡೆಸುವ ನಟುವಾಂಗದವರ ಕೈ ತಾಳವನ್ನು ಹಿಡಿದಿರುತ್ತದೆ, ಅವರಿಗೆ ಸಿಕ್ಕಿದಷ್ಟು ಚಿತ್ರ ಅವರದು. ಬೆಳಗಿನ ಆರು ಗಂಟೆಗೆ ಚಿಕ್ಕಪೇಟೆಯ ಮುಚ್ಚಿದ ಅಂಗಡಿಗಳ ಮುಂದೆ ನಿಂತಾಗ ಇವೆಲ್ಲ ಇರುವುದಿಲ್ಲ. ಮೃದಂಗವಿಲ್ಲ, ಬೆಳಕು ಹೊಂದಿಸುವವರಿಲ್ಲ, ನೀವು ಮತ್ತು ಕ್ಯಾಮೆರಾ ಹಿಡಿದ ಇನ್ನೊಬ್ಬರು ಮಾತ್ರ. ಅಲ್ಲಿ ಹುಟ್ಟುವ ಚಿತ್ರ ಇಬ್ಬರೂ ಸೇರಿ ಮಾಡಿದ ಕೆಲಸವಾಗುತ್ತದೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಹಲವು ವರ್ಷ ಇಂಥ ಶೂಟ್‌ಗಳನ್ನು ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಕೆಟ್ಟ ಚಿತ್ರಗಳು ಬಹುಪಾಲು ಕ್ಯಾಮೆರಾದಿಂದಾಗಲಿ ಬೆಳಕಿನಿಂದಾಗಲಿ ಕೆಡುವುದಿಲ್ಲ, ಇಬ್ಬರ ನಡುವೆ ಒಂದು ತಾಳ ಇಲ್ಲದೆ ಕೆಡುತ್ತವೆ. ಆ ತಾಳವನ್ನು ಹೇಗೆ ಕೂಡಿಸಿಕೊಳ್ಳಬೇಕು, ಅದಕ್ಕೂ ಮೊದಲು ಏನೇನು ಸಿದ್ಧವಾಗಬೇಕು ಎಂಬುದನ್ನು ಹಂತಹಂತವಾಗಿ ಬರೆದಿದ್ದೇನೆ. ಬೇರೆ ನೃತ್ಯಪ್ರಕಾರದವರು ತಮ್ಮ ಅಡವು (ಮೂಲ ಹೆಜ್ಜೆ), ಗತಿಗಳಿಗೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳಬಹುದು.

ಮೊದಲ ಹಂತ: ಚಿತ್ರ ಯಾತಕ್ಕೆ, ತೆಗೆಯುವವರು ಯಾರು

ಚಿತ್ರ ಎಲ್ಲಿ ಅಚ್ಚಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ರಂಗಪ್ರವೇಶದ ಆಹ್ವಾನ ಪತ್ರಿಕೆಗಾದರೆ ಉದ್ದನೆಯ ಚಿತ್ರ ಬೇಕು, ಮೇಲ್ಭಾಗದಲ್ಲಿ ಹೆಸರು ಮತ್ತು ದಿನಾಂಕ ಕೂರುವಷ್ಟು ಖಾಲಿ ಗೋಡೆಯೋ ಆಕಾಶವೋ ಇರಬೇಕು. ಕಾರ್ಯಕ್ರಮ ಏರ್ಪಡಿಸುವ ಸಭೆಗಳಿಗೆ ಕಳುಹಿಸುವ ಪರಿಚಯ ಪತ್ರಕ್ಕಾದರೆ ಮುಖ ಮತ್ತು ಹಸ್ತ (ಕೈಮುದ್ರೆ) ಸ್ಪಷ್ಟವಾಗಿ ಕಾಣುವ ಅರ್ಧ ದೇಹದ ಚಿತ್ರ ಸಾಕು. ನಗರವನ್ನೂ ನೃತ್ಯವನ್ನೂ ಒಟ್ಟಿಗೆ ತೋರಿಸುವ ಚಿತ್ರಮಾಲೆಯಾದರೆ ಬೀದಿಗೆ ಚೌಕಟ್ಟಿನಲ್ಲಿ ನಿಮ್ಮಷ್ಟೇ ಜಾಗ ಕೊಡಬೇಕಾಗುತ್ತದೆ. ಮೂರನ್ನೂ ಒಂದೇ ಬೆಳಿಗ್ಗೆ ಮಾಡಿ ಮುಗಿಸುತ್ತೇನೆಂದು ಹೊರಟರೆ ಮೂರೂ ಅರೆಬರೆಯಾಗುತ್ತವೆ.

ಛಾಯಾಗ್ರಾಹಕರನ್ನು ಆರಿಸುವಾಗ ಅವರ ಹಳೆಯ ಚಿತ್ರಗಳಲ್ಲಿ ಪಾದ ಮತ್ತು ಬೆರಳುಗಳನ್ನು ನೋಡಿ. ಮದುವೆಯ ಚಿತ್ರಗಳನ್ನು ಚೆನ್ನಾಗಿ ತೆಗೆಯುವವರು ಕೂಡ ಅಭ್ಯಾಸಬಲದಿಂದ ಪಾದವನ್ನು ಚೌಕಟ್ಟಿನ ಹೊರಗೆ ಬಿಡುತ್ತಾರೆ. ನಮ್ಮ ನೃತ್ಯದಲ್ಲಿ ಅರೆಮಂಡಿಗೆ, ಅಂದರೆ ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ಭಂಗಿಗೆ, ಪಾದವಿಲ್ಲದೆ ಅರ್ಥವಿಲ್ಲ. ಅವರಿಗೆ ನೃತ್ಯ ಗೊತ್ತಿರಲೇಬೇಕೆಂದಿಲ್ಲ, ಆದರೆ ಕಲಿಯುವ ತಾಳ್ಮೆ ಇರಬೇಕು. ಆದ್ದರಿಂದ ಶೂಟ್‌ಗೆ ವಾರದ ಮುಂಚೆ ಒಂದು ದಿನ ಅವರನ್ನು ಅಭ್ಯಾಸಕ್ಕೆ ಕರೆಯಿರಿ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಒಂದು ಗಂಟೆ ಕುಳಿತು ನೋಡಲು ಕೇಳಿಕೊಳ್ಳಿ. ಆ ಒಂದು ಗಂಟೆ ಕೊಡಲು ಒಪ್ಪದವರ ಜೊತೆ ನಾನು ಈಗ ಕೆಲಸ ಮಾಡುವುದಿಲ್ಲ.

ಎರಡನೆಯ ಹಂತ: ಒಪ್ಪಂದ ಬರಹದಲ್ಲಿರಲಿ

ನನ್ನ ಆರಂಭದ ದಿನಗಳಲ್ಲಿ ಸ್ನೇಹದ ಮೇಲೆ, ಹಣದ ಮಾತಿಲ್ಲದೆ ತೆಗೆದ ಚಿತ್ರವೊಂದು ಎರಡು ವರ್ಷದ ಬಳಿಕ ಒಂದು ಆಭರಣದ ಅಂಗಡಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಗುರುಗಳು ಅದನ್ನು ತಂದು ನನ್ನ ಮುಂದಿಟ್ಟಾಗ ಏನು ಹೇಳಬೇಕೆಂದು ತೋಚದೆ ನಿಂತದ್ದು ಇವತ್ತಿಗೂ ನೆನಪಿದೆ. ಕಾನೂನು ಏನು ಹೇಳುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ.

ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು, ಮತ್ತು ಸಾಮಾನ್ಯವಾಗಿ ಮೊದಲ ಒಡೆತನವೂ ಅವರದೇ. ಅದೇ ಕಾಯಿದೆಯ 17ನೆಯ ಕಲಂ ಒಂದು ವಿನಾಯಿತಿಯನ್ನು ಹೇಳುತ್ತದೆ: ಒಬ್ಬರು ಪ್ರತಿಫಲ ಕೊಟ್ಟು, ತಾವೇ ಹೇಳಿ ಚಿತ್ರ ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಮೊದಲ ಒಡೆತನ ತೆಗೆಸಿಕೊಂಡವರಿಗೆ ಸೇರುತ್ತದೆ. ಅಂದರೆ ಹಣ ಕೊಟ್ಟು ಮಾಡಿಸಿದ ಶೂಟ್ ಮತ್ತು ಇಬ್ಬರೂ ಹಣವಿಲ್ಲದೆ ಕೂಡಿ ಮಾಡಿದ ಶೂಟ್ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಎರಡನೆಯದರಲ್ಲಿ ಮುಖ, ಅಭಿನಯ, ವರ್ಷಗಳ ಸಾಧನೆ ನಿಮ್ಮದಾಗಿದ್ದರೂ ಚಿತ್ರದ ಒಡೆತನ ಛಾಯಾಗ್ರಾಹಕರಲ್ಲಿಯೇ ಇರುತ್ತದೆ. ಆ ಹಕ್ಕನ್ನು ನಿಮಗೆ ಬರೆದುಕೊಡುವುದಾದರೆ 19ನೆಯ ಕಲಮಿನಂತೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ತಿಳಿಯಲಾಗುತ್ತದೆ. ವಿದೇಶದ ಕನ್ನಡ ಸಂಘಗಳ ಕಾರ್ಯಕ್ರಮಕ್ಕೆ ಹೋಗುವವರು ಈ ಕೊನೆಯ ಅಂಶವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಒಂದು ಪುಟ ಸಾಕು. ಚಿತ್ರಗಳನ್ನು ಇಬ್ಬರೂ ಎಲ್ಲೆಲ್ಲಿ ಬಳಸಬಹುದು, ಜಾಹೀರಾತಿಗೆ ಅಥವಾ ಮಾರಾಟಕ್ಕೆ ಇಬ್ಬರ ಲಿಖಿತ ಒಪ್ಪಿಗೆ ಬೇಕೆ, ಎಷ್ಟು ಚಿತ್ರಗಳನ್ನು ಎಷ್ಟು ದಿನದಲ್ಲಿ ಕೊಡಬೇಕು, ಖರ್ಚು ಯಾರದು, ಹೆಸರು ಹೇಗೆ ಅಚ್ಚಾಗಬೇಕು ಎಂಬುದನ್ನೆಲ್ಲ ಸರಳ ಕನ್ನಡದಲ್ಲಿ ಬರೆದು ಸಹಿ ಮಾಡಿ. ಸೆರಗು ಜಾರಿದ, ಉಡುಗೆ ಅಸ್ತವ್ಯಸ್ತವಾದ ಚಿತ್ರಗಳನ್ನು ನೀವು ಹೇಳಿದೊಡನೆ ಅಳಿಸಬೇಕೆಂಬ ಮಾತನ್ನೂ ಸೇರಿಸಿ. ಇದನ್ನು ಕೇಳಲು ಸಂಕೋಚಪಡಬೇಡಿ. ಛಾಯಾಗ್ರಾಹಕರ ಕಡೆಯಿಂದಲೂ ಒಂದು ಮಾತು ಇರಬೇಕು: ಚಿತ್ರ ಹಂಚಿಕೊಂಡಾಗಲೆಲ್ಲ ಅವರ ಹೆಸರು ಹಾಕುವುದು ಉಪಕಾರವಲ್ಲ. ಒಡೆತನ ಕೈಬದಲಾದ ಮೇಲೂ ಕರ್ತೃವೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಂ ಅವರಿಗೆ ಉಳಿಸಿಕೊಟ್ಟಿದೆ.

ಮೂರನೆಯ ಹಂತ: ಜಾಗ, ದಿಕ್ಕು, ಹೊತ್ತು

ಬೆಂಗಳೂರಿನ ಪೇಟೆಯ ಎರಡು ಮೂಲ ಬೀದಿಗಳೆಂದರೆ ಉತ್ತರ-ದಕ್ಷಿಣವಾಗಿ ಹೋಗುವ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಮತ್ತು ಅದನ್ನು ಹಾಯುವ ಪೂರ್ವ-ಪಶ್ಚಿಮದ ಚಿಕ್ಕಪೇಟೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದರಿಂದ ಪೂರ್ವ-ಪಶ್ಚಿಮದ ಬೀದಿಯ ಉದ್ದಕ್ಕೂ ಹೊಂಬಿಸಿಲು ಹಾಸಿಕೊಂಡಂತೆ ಬರುತ್ತದೆ. ಅದೇ ಹೊತ್ತಿಗೆ ಅವೆನ್ಯೂ ರಸ್ತೆಯಲ್ಲಿ ಕಟ್ಟಡಗಳ ನೆರಳು ಇನ್ನೂ ನೆಲದ ಮೇಲಿರುತ್ತದೆ. ಜೂನ್ ಮತ್ತು ಡಿಸೆಂಬರ್ ಕೊನೆಯ ಭಾಗದಲ್ಲಿ ಸೂರ್ಯೋದಯದ ಬಿಂದು ಕ್ರಮವಾಗಿ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 24 ಡಿಗ್ರಿ ಸರಿದಿರುತ್ತದೆ, ಹಾಗಾಗಿ ಅದೇ ಬೀದಿಯಲ್ಲಿ ಬಿಸಿಲು ಒಂದು ಬದಿಯ ಗೋಡೆಗೆ ಮಾತ್ರ ತಾಗುತ್ತದೆ. ಜೂನ್ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 5.52ರ ಸುಮಾರಿಗೆ, ಜನವರಿ ಕೊನೆಯಲ್ಲಿ 6.46ರ ಸುಮಾರಿಗೆ. ಸುಮಾರು ಒಂದು ಗಂಟೆಯ ಈ ಅಂತರವನ್ನು ಮರೆತು ಚಳಿಗಾಲದಲ್ಲಿ ಐದೂವರೆಗೆ ಬಂದು ಕತ್ತಲಲ್ಲಿ ನಿಲ್ಲುವವರನ್ನು ನೋಡಿದ್ದೇನೆ.

ಹಾಗಾಗಿ ಶೂಟ್‌ಗೆ ಒಂದೆರಡು ದಿನ ಮೊದಲು ಅದೇ ಹೊತ್ತಿಗೆ ಇಬ್ಬರೂ ಹೋಗಿ ನೋಡಿ. ಅಂಗಡಿಗಳ ರೋಲಿಂಗ್ ಶಟರುಗಳು ಯಾವ ಬಣ್ಣ, ನೆಲ ಹೇಗಿದೆ, ಮೋರಿಯ ಚಪ್ಪಡಿ ಅಲುಗಾಡುತ್ತದೆಯೇ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ಪೇಟೆ ನಿಧಾನವಾಗಿ ಎಚ್ಚರಗೊಳ್ಳುವ ಭಾನುವಾರ ಬೆಳಿಗ್ಗೆ ಉತ್ತಮ. ಮುಗಿಸುವ ಹೊತ್ತನ್ನು ಗಡಿಯಾರಕ್ಕಿಂತ ನೆರಳೇ ಚೆನ್ನಾಗಿ ಹೇಳುತ್ತದೆ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಯಿತೆಂದರೆ ಸೂರ್ಯ 45 ಡಿಗ್ರಿ ಮೇಲೇರಿದ್ದಾನೆ, ಕಣ್ಣಿನ ಗುಳಿಯಲ್ಲಿ ಕಪ್ಪು ಕೂರುತ್ತದೆ, ದೃಷ್ಟಿಭೇದ (ಕಣ್ಣಿನ ಚಲನೆ) ಯಾವುದೂ ಕಾಣುವುದಿಲ್ಲ.

ಅನುಮತಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪೇಟೆಯ ಪಕ್ಕದಲ್ಲೇ ಇರುವ ಟಿಪ್ಪು ಅರಮನೆ ಮತ್ತು ಬೆಂಗಳೂರು ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ಮತ್ತು ವಿಶೇಷ ದೀಪಗಳಿಗೆ ಮುಂಚಿತ ಅನುಮತಿ ಬೇಕು. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಮೆಟ್ರೋ ನಿಲ್ದಾಣದ ಒಳಗೆ ಅನುಮತಿಯಿಲ್ಲದೆ ಶೂಟ್ ಮಾಡಹೋಗಬೇಡಿ. ದೇವಸ್ಥಾನದ ಆವರಣವಾದರೆ ಅರ್ಚಕರನ್ನೂ ಆಡಳಿತದವರನ್ನೂ ಹಿಂದಿನ ದಿನವೇ ಹೋಗಿ ಕೇಳಬೇಕು.

ನಾಲ್ಕನೆಯ ಹಂತ: ಉಡುಗೆ ಮತ್ತು ಮುಖವರ್ಣಿಕೆ

ಬೀದಿಯ ಚಿತ್ರಕ್ಕೆ ಪೂರ್ತಿ ಕಛೇರಿ ಅಲಂಕಾರ ಬೇಕೆಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅಭ್ಯಾಸದ ಹತ್ತಿ ಸೀರೆ ಮತ್ತು ಬಿಗಿಯಾಗಿ ಹೆಣೆದ ಜಡೆ ಪೇಟೆಯ ಗೋಡೆಗಳ ಜೊತೆ ಹೆಚ್ಚು ಚೆನ್ನಾಗಿ ಹೊಂದುತ್ತವೆ; ರಂಗದ ದೀಪಕ್ಕೆಂದು ಮಾಡಿದ ಅಲಂಕಾರ ಬೆಳಗಿನ ಬಿಸಿಲಿನಲ್ಲಿ ಭಾರವಾಗಿ ಕಾಣುತ್ತದೆ. ಪೂರ್ತಿ ಉಡುಗೆಯನ್ನೇ ತೊಡುವುದಾದರೆ ಮುಖದ ಬಣ್ಣವನ್ನು ರಂಗಕ್ಕೆ ಹಚ್ಚುವುದರ ಅರ್ಧಕ್ಕೆ ಇಳಿಸಿ, ಕಣ್ಣಿನ ಕಾಡಿಗೆಯನ್ನು ಮಾತ್ರ ಉಳಿಸಿಕೊಳ್ಳಿ. ತಲೆಸಾಮಾನಿನ (ತಲೆಯ ಆಭರಣದ) ಕೆಂಪು ಕಲ್ಲುಗಳು ಫ್ಲ್ಯಾಶ್ ಬಿದ್ದರೆ ಬಿಳಿ ಚುಕ್ಕೆಗಳಾಗಿಬಿಡುವುದರಿಂದ ಫ್ಲ್ಯಾಶ್ ಬದಲು ಬೆಳಕನ್ನು ಮುಖದ ಕಡೆ ತಿರುಗಿಸುವ ರಿಫ್ಲೆಕ್ಟರ್ ಬಳಸುವಂತೆ ಕೇಳಿಕೊಳ್ಳಿ. ಬಿಳಿಯ ಥರ್ಮೊಕೋಲ್ ಹಲಗೆಯೂ ಆ ಕೆಲಸ ಮಾಡುತ್ತದೆ. ಸೇಫ್ಟಿ ಪಿನ್, ಸೂಜಿ ದಾರ, ಒದ್ದೆ ಬಟ್ಟೆ, ಚಪ್ಪಲಿ, ಮೇಲೆ ಹೊದೆಯಲು ಒಂದು ಶಾಲು ಜೊತೆಗಿರಲಿ.

ಗೆಜ್ಜೆಯ ಬಗ್ಗೆ ನನ್ನ ನಿಲುವು ಖಚಿತವಾಗಿದೆ. ಪೂಜೆ ಮಾಡಿ ಗುರುಗಳ ಕೈಯಿಂದ ಪಡೆದ ಗೆಜ್ಜೆಯನ್ನು ಕೊಳೆತ ಎಲೆ, ಉಗುಳು ಬಿದ್ದ ನೆಲದ ಮೇಲೆ ಕಟ್ಟಿಕೊಂಡು ನಿಲ್ಲಲು ನನ್ನ ಮನಸ್ಸು ಒಪ್ಪುವುದಿಲ್ಲ. ಗೆಜ್ಜೆ ಬೇಕಾದ ಚಿತ್ರಗಳನ್ನು ತೊಳೆದ ಜಗಲಿಯ ಮೇಲೋ ಕಲ್ಲಿನ ಮೆಟ್ಟಿಲ ಮೇಲೋ ತೆಗೆಸಿಕೊಳ್ಳುತ್ತೇನೆ, ಉಳಿದ ಹೊತ್ತು ಅದು ಬಟ್ಟೆಯ ಗಂಟಿನಲ್ಲಿರುತ್ತದೆ.

ಐದನೆಯ ಹಂತ: ಇಬ್ಬರಿಗೂ ಒಂದೇ ತಾಳ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಣ್ಣಿಗೆ ಕಂಡದ್ದು ಬೆರಳಿಗೆ ತಲುಪಲು ಮನುಷ್ಯರಿಗೆ ಸುಮಾರು 0.2 ಸೆಕೆಂಡ್ ಬೇಕು. ನೀವು 30 ಸೆಂಟಿಮೀಟರ್ ಎತ್ತರ ಹಾರಿದಿರಿ ಎನ್ನೋಣ. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಆಗುವುದು ಸುಮಾರು ಅರ್ಧ ಸೆಕೆಂಡ್ ಮಾತ್ರ. ನೀವು ಮೇಲೇರಿದ್ದನ್ನು ನೋಡಿದ ಮೇಲೆ ಗುಂಡಿ ಒತ್ತುವ ಛಾಯಾಗ್ರಾಹಕರಿಗೆ ಸಿಗುವುದು ಇಳಿಯುತ್ತಿರುವ ದೇಹ, ಚೆದುರಿದ ಜಡೆ, ನೆಲ ನೋಡುತ್ತಿರುವ ಕಣ್ಣು. ಒಂದೇಸಮನೆ ಹತ್ತಾರು ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೂ ಎರಡು ಚಿತ್ರಗಳ ನಡುವೆಯೇ ಹಸ್ತ ಪೂರ್ಣವಾಗುವ ಕ್ಷಣ ಕಳೆದುಹೋಗಬಹುದು. ಅವರು ನೋಡಿ ಒತ್ತಬಾರದು, ಮುಂದೆ ಬರುವುದನ್ನು ತಿಳಿದು ಒತ್ತಬೇಕು. ಮುಂದೆ ಬರುವುದನ್ನು ಮೊದಲೇ ತಿಳಿಸುವುದೇ ತಾಳದ ಕೆಲಸ. ಅದು ನಿಮ್ಮಲ್ಲಿದೆ, ಅವರಿಗೆ ಕೊಡಿ.

ನಾನು ಮಾಡುವುದು ಹೀಗೆ. ಪಾದ ತಟ್ಟುವ ತಟ್ಟಡವಿನ 'ತೈ ಯಾ ತೈ'ನಿಂದ ಆರಂಭಿಸಿ, ಸೊಲ್ಲನ್ನು (ತಾಳಕ್ಕೆ ಹೇಳುವ ಅಕ್ಷರಗಳನ್ನು) ಬಾಯಲ್ಲಿ ಹೇಳುತ್ತಾ ವಿಳಂಬ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಮಾಡುತ್ತೇನೆ. ಛಾಯಾಗ್ರಾಹಕರು ಕ್ಯಾಮೆರಾ ಇಲ್ಲದೆ ಕೈಯಲ್ಲಿ ತಾಳ ಹಾಕುತ್ತಾರೆ. ಐದು ನಿಮಿಷದಲ್ಲಿ ಅವರ ಕೈ ಸರಿಯಾಗಿ ಬೀಳತೊಡಗುತ್ತದೆ. ಬಳಿಕ ಅವರು ಅದೇ ಲಯದಲ್ಲಿ ಖಾಲಿ ಗೋಡೆಯ ಕಡೆಗೆ ಗುಂಡಿ ಒತ್ತುತ್ತಾರೆ, ಸೊಲ್ಲಿನ ಮೇಲೆ ಶಟರ್ ಸದ್ದು ಕೂರುವವರೆಗೆ. ಆಮೇಲೆ ಚಿತ್ರ. ಅತ್ಯಂತ ಸುಲಭವಾಗಿ ಸಿಗುವುದು ಮುಕ್ತಾಯ: 'ತಧಿಂಗಿಣತೋಂ' ಮೂರು ಸಲ ಬರುತ್ತದೆ, ಮೂರನೆಯ 'ತೋಂ' ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುತ್ತದೆ, ಮೊದಲ ಎರಡನ್ನು ಕೇಳಿದವರಿಗೆ ಮೂರನೆಯದು ಯಾವಾಗ ಬರುತ್ತದೆಂದು ಹೇಳಿಕೊಡಬೇಕಾಗಿಲ್ಲ. ಒಮ್ಮೆ ಬಳೇಪೇಟೆಯ ಒಂದು ಓಣಿಯಲ್ಲಿ ನನ್ನ ಜೊತೆಗಿದ್ದ ಛಾಯಾಗ್ರಾಹಕರು ಮೂರನೆಯ ಸುತ್ತಿಗೆ ತಾವೇ ಸಣ್ಣ ದನಿಯಲ್ಲಿ ಸೊಲ್ಲು ಹೇಳಲು ಆರಂಭಿಸಿದ್ದರು. ನಾನು ಬಾಯಿ ಮುಚ್ಚಿಕೊಂಡು ಮುಖದ ಭಾವಕ್ಕೆ ಪೂರ್ತಿ ಗಮನ ಕೊಡಲು ಸಾಧ್ಯವಾಯಿತು. ಆ ದಿನ ಸಿಕ್ಕ ಚಿತ್ರವೇ ಇಂದಿಗೂ ನನ್ನ ಕಾರ್ಯಕ್ರಮ ಪತ್ರಿಕೆಗಳ ಮೇಲಿದೆ.

ಉತ್ಪ್ಲವನಗಳಿಗೂ (ಹಾರಿಕೆಗಳಿಗೂ) ಇದೇ ಕ್ರಮ, ಆದರೆ ಒಂದು ಅನುಕೂಲವಿದೆ. ಹಾರಿದ ಎತ್ತರದ ಮೇಲಿನ ಕಾಲು ಭಾಗದಲ್ಲಿ ದೇಹ ಗಾಳಿಯಲ್ಲಿರುವ ಸಮಯದ ಅರ್ಧವನ್ನು ಕಳೆಯುತ್ತದೆ, ಅಂದರೆ ತುದಿಯಲ್ಲಿ ಕ್ಷಣಕಾಲ ನಿಂತಂತೆ ತೋರುತ್ತದೆ. ಹಸ್ತವನ್ನೂ ದೃಷ್ಟಿಯನ್ನೂ ನೆಲ ಬಿಡುವ ಮೊದಲೇ ಸಿದ್ಧಮಾಡಿಕೊಂಡು ಆ ತುದಿಯಲ್ಲಿ ಹಿಡಿದುಕೊಳ್ಳುವುದನ್ನು ಅಭ್ಯಾಸ ಮಾಡಿ. ಅಭಿನಯಕ್ಕೆ ಮಾತ್ರ ತಾಳದ ಲೆಕ್ಕ ಸಾಲುವುದಿಲ್ಲ. ಅಲ್ಲಿ ಯಾವ ಸಾಲು, ನಾಯಿಕೆ ಯಾರನ್ನು ಕಾಯುತ್ತಿದ್ದಾಳೆ ಎಂಬುದನ್ನು ಮೊದಲೇ ಹೇಳಿ, ಪಲ್ಲವಿಯನ್ನು ಮೆಲ್ಲಗೆ ಹಾಡಿಕೊಳ್ಳುತ್ತಾ ಮಾಡಿ.

ಆರನೆಯ ಹಂತ: ಕ್ಯಾಮೆರಾ ಎಲ್ಲಿ ನಿಲ್ಲಬೇಕು

ಕ್ಯಾಮೆರಾ ಕೆಲಸ ಅವರದಾದರೂ ಕೆಲವು ಸಂಗತಿಗಳನ್ನು ನೀವು ತಿಳಿದಿರಬೇಕು. ನಿಂತ ಎತ್ತರದಿಂದ ತೆಗೆದರೆ ಅರೆಮಂಡಿ ಕುಗ್ಗಿ, ನೀವು ಗಿಡ್ಡವಾಗಿ ಕಾಣುತ್ತೀರಿ. ನೆಲಕ್ಕೆ ಅಂಟಿಸಿ ತೆಗೆದರೆ ಮಂಡಿಗಳು ದೊಡ್ಡದಾಗಿ ಮುಖ ಹಿಂದೆ ಸರಿಯುತ್ತದೆ. ಅರೆಮಂಡಿಯಲ್ಲಿರುವಾಗ ನಿಮ್ಮ ನಾಭಿಯ ಎತ್ತರಕ್ಕೆ ಕ್ಯಾಮೆರಾ ಬಂದರೆ ಅಂಗಗಳ ಪ್ರಮಾಣ ಸರಿಯಾಗಿ ಉಳಿಯುತ್ತದೆ, ಆದ್ದರಿಂದ ಛಾಯಾಗ್ರಾಹಕರು ಒಂದು ಮಂಡಿಯೂರಿ ಕೂರಬೇಕಾಗುತ್ತದೆ. ಅಗಲದ ಲೆನ್ಸ್‌ನಲ್ಲಿ ಅಂಚಿಗೆ ಬಂದ ಕೈ ಎಳೆದಂತೆ ಉದ್ದವಾಗುತ್ತದೆ. ಓಣಿ ಕಿರಿದಾಗಿದ್ದರೆ 35 ಮಿ.ಮೀ., ಜಾಗವಿದ್ದರೆ 50 ಅಥವಾ 85 ಮಿ.ಮೀ. ಲೆನ್ಸ್ ವಾಸಿ.

ಹಾರುವಾಗ ದೇಹ ಮಸುಕಾಗದಿರಲು ಶಟರ್ ವೇಗ 1/500 ಸೆಕೆಂಡ್ ಆದರೂ ಬೇಕು, 1/1000 ಇದ್ದರೆ ನಿಶ್ಚಿಂತೆ. ಹಿಂದೆ ಬಸ್ಸು, ಆಟೋಗಳು ಗೆರೆಗಳಂತೆ ಹರಿದು ನೀವು ಮಾತ್ರ ಸ್ಪಷ್ಟವಾಗಿ ಕಾಣಬೇಕೆಂದರೆ 1/8 ಸೆಕೆಂಡಿನ ಆಸುಪಾಸಿಗೆ ಇಳಿಸಿ, ಕ್ಯಾಮೆರಾವನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು ತೆಗೆಯುತ್ತಾರೆ. ಆಗ ನೀವು ಉಸಿರನ್ನು ಅರ್ಧ ಬಿಟ್ಟು, ದೃಷ್ಟಿಯನ್ನು ಒಂದು ಬಿಂದುವಿನಲ್ಲಿ ನೆಟ್ಟು ನಿಲ್ಲಬೇಕು. ಹಸ್ತ ಹೋದ ಕಡೆಗೆ ದೃಷ್ಟಿ ಹೋಗಬೇಕೆಂಬ ಮೊದಲ ವರ್ಷದ ಪಾಠವನ್ನು ಕ್ಯಾಮೆರಾ ಮುಂದೆ ಮರೆಯುವವರೇ ಹೆಚ್ಚು; ಎಲ್ಲರೂ ಲೆನ್ಸನ್ನೇ ನೋಡುತ್ತಾರೆ. ನೋಡಬೇಡಿ.

ಏಳನೆಯ ಹಂತ: ದೇಹದ ಕಾಳಜಿ

ನೃತ್ಯಶಾಲೆಯ ಮರದ ಅಥವಾ ಮಣ್ಣಿನ ನೆಲ ಪೆಟ್ಟನ್ನು ಸ್ವಲ್ಪವಾದರೂ ಹೀರಿಕೊಳ್ಳುತ್ತದೆ, ಕಾಂಕ್ರೀಟು ಹೀರಿಕೊಳ್ಳುವುದಿಲ್ಲ. ಆದ್ದರಿಂದ ತಟ್ಟುವಿಕೆಯನ್ನು ಮೃದುವಾಗಿಸಿ, ಸದ್ದು ಚಿತ್ರದಲ್ಲಿ ಬರುವುದಿಲ್ಲ. ಹೊರಡುವ ಮೊದಲು ಮನೆಯಲ್ಲೇ ಕಾಲು ಗಂಟೆ ಅಂಗಸಾಧನೆ ಮಾಡಿ, ಜಾಗಕ್ಕೆ ಬಂದ ಮೇಲೆ ಮತ್ತೆ ಐದು ನಿಮಿಷ ಮಾಡಿ. ಒಂದು ಹಾರಿಕೆಯನ್ನು ಆರೇಳು ಸಲಕ್ಕಿಂತ ಹೆಚ್ಚು ಮಾಡುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಅಷ್ಟರಲ್ಲಿ ಸಿಗದಿದ್ದರೆ ಮುಂದಿನ ಚಿತ್ರಕ್ಕೆ ಹೋಗುವುದು ಕ್ಷೇಮ. ನೆಲವನ್ನು ನೀವೇ ಪೊರಕೆಯಿಂದ ಗುಡಿಸಿ, ಅಂಗೈಯಿಂದ ಸವರಿ ನೋಡಿದ ಮೇಲೆ ಬರಿಗಾಲಿಡಿ. ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ.

ಎಂಟನೆಯ ಹಂತ: ಬೀದಿಯ ಜನ

ಪೇಟೆ ಖಾಲಿ ರಂಗಸಜ್ಜಿಕೆಯಲ್ಲ, ದುಡಿಯುವವರ ಜಾಗ. ಮೂರನೆಯವರೊಬ್ಬರು ಜೊತೆಗಿರಲಿ, ಚೀಲ ನೋಡಿಕೊಳ್ಳಲು, ಬರುವ ಗಾಡಿಯನ್ನು ಕೂಗಿ ತಿಳಿಸಲು, ಕೇಳಿದವರಿಗೆ ಉತ್ತರ ಹೇಳಲು. ರಸ್ತೆಯ ನಡುವೆ ಗಾಡಿಗಳನ್ನು ತಡೆದು ತೆಗೆಯಬೇಡಿ. ಯಾರ ಮುಖವಾದರೂ ಗುರುತು ಸಿಗುವಂತೆ ಬಂದರೆ ಅವರನ್ನು ಕೇಳಿ, ಮಕ್ಕಳಾದರೆ ಹೆತ್ತವರನ್ನು ಕೇಳಿ. ಬೇಡವೆಂದರೆ ಕ್ಯಾಮೆರಾ ಕೆಳಗಿಳಿಯಲಿ.

1928ರಲ್ಲಿ ಕಟ್ಟಿದ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಭರದಲ್ಲಿರುತ್ತದೆ. ಒಮ್ಮೆ ಅಲ್ಲಿ ಚೆಂಡು ಹೂವಿನ ರಾಶಿಯ ಪಕ್ಕದಲ್ಲಿ ನಿಲ್ಲಲು ಕೇಳಿದಾಗ, ಮಲ್ಲಿಗೆ ಮಾರುವ ಹಿರಿಯ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವ್ಯಾಪಾರ ಬಿಡ್ರವ್ವಾ, ಆಮೇಲೆ ತಗೀರಿ" ಎಂದರು. ನಾವು ಮುಕ್ಕಾಲು ಗಂಟೆ ಕಾದೆವು. ಸಂದಣಿ ಇಳಿದ ಮೇಲೆ ಅವರೇ ಕರೆದು, ನಾನು ಕೊಂಡ ಎರಡು ಮೊಳ ಮಲ್ಲಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ಜಡೆಗೆ ಸುತ್ತಿ ಮುಡಿಸಿದರು. ನನ್ನ ಜೊತೆಗಿದ್ದವರು ಕೇಳಿ ಒಪ್ಪಿಗೆ ಪಡೆದು ಅದನ್ನೇ ತೆಗೆದರು: ಬಾಳೆನಾರಿನ ಒದ್ದೆಗೆ ಸುಕ್ಕಾದ ಅವರ ಬೆರಳು, ನನ್ನ ಕತ್ತಿನ ಹಿಂಭಾಗ, ಹಿಂದೆ ಮಸುಕಾದ ಹಳದಿ. ಅರೆಮಂಡಿಯೂ ಇಲ್ಲ, ಹಸ್ತವೂ ಇಲ್ಲ, ಆದರೂ ಅಂದಿನ ಎಲ್ಲ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ಒಂಬತ್ತನೆಯ ಹಂತ: ಆಯ್ಕೆ ಮತ್ತು ಹಂಚಿಕೆ

ಅದೇ ದಿನ ಚಿತ್ರಗಳನ್ನು ಎರಡು ಕಡೆ ಉಳಿಸಿಕೊಳ್ಳುವಂತೆ ಛಾಯಾಗ್ರಾಹಕರಿಗೆ ನೆನಪಿಸಿ. ಆಯ್ಕೆಯನ್ನು ಇಬ್ಬರೂ ಒಟ್ಟಿಗೆ ಕುಳಿತು ಮಾಡಬೇಕು, ಏಕೆಂದರೆ ಅವರು ಬೆಳಕು ಚೆನ್ನಾಗಿರುವ ಚಿತ್ರವನ್ನು ಆರಿಸುತ್ತಾರೆ, ನೀವು ಮುಖ ಚೆನ್ನಾಗಿ ಬಂದಿರುವುದನ್ನು ಆರಿಸುತ್ತೀರಿ. ಮೊದಲ ಸುತ್ತಿನಲ್ಲಿ ಅಂಗಶುದ್ಧಿಯನ್ನು ಮಾತ್ರ ನೋಡಿ: ಪತಾಕ ಹಸ್ತದಲ್ಲಿ ಹೆಬ್ಬೆರಳು ಮಡಚಿದೆಯೇ, ಅಲಪದ್ಮ ಹಸ್ತ ಬಿರಿದಿದೆಯೇ, ಮೊಣಕೈ ಇಳಿಯದೆ ನಿಂತಿದೆಯೇ, ಅರೆಮಂಡಿ ತೆರೆದಿದೆಯೇ. ಇದರಲ್ಲಿ ಸೋತ ಚಿತ್ರ ಎಷ್ಟೇ ಸುಂದರವಾಗಿದ್ದರೂ ಹೊರಗೆ ಹೋಗಬಾರದು. ನಿಮ್ಮ ಗುರುಗಳ ಕಣ್ಣಿಗೆ ಬೀಳುವುದು ಅದೇ. ಐದಾರು ನೂರರಲ್ಲಿ ಹದಿನೈದು ಉಳಿದರೆ ಒಳ್ಳೆಯ ಬೆಳಿಗ್ಗೆ. ಹಿನ್ನೆಲೆಯ ವಿದ್ಯುತ್ ತಂತಿಯನ್ನು ಅಳಿಸಲಿ, ಬಣ್ಣ ಹೊಂದಿಸಲಿ, ಆದರೆ ಸೊಂಟವನ್ನು ಸಣ್ಣದಾಗಿಸುವುದು, ಮೈಬಣ್ಣವನ್ನು ಬೆಳ್ಳಗೆ ಮಾಡುವುದು, ಅರೆಮಂಡಿಯನ್ನು ಕಂಪ್ಯೂಟರಿನಲ್ಲಿ ಇಳಿಸುವುದು ಬೇಡವೆಂದು ಸ್ಪಷ್ಟವಾಗಿ ಹೇಳಿ.

ಚಿತ್ರಗಳು ಕೈಗೆ ಬಂದ ವಾರದಲ್ಲೇ ನೆರವಾದ ಹೂವಿನವರು, ಅಂಗಡಿಯವರು, ಜಗಲಿ ಬಿಟ್ಟುಕೊಟ್ಟವರಿಗೆ ಒಂದೊಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ನೀವಿಬ್ಬರೂ ಹೋಗಿ ಕೊಡಿ. ಬೆಳಗಿನ ಐದರ ಹೊತ್ತಿಗೆ ಹೋಗಿ. ಹತ್ತು ಗಂಟೆಗೆ ಹೋದರೆ ಹೂವಿನವರು ಬುಟ್ಟಿ ಎತ್ತಿಕೊಂಡು ಹೊರಟಿರುತ್ತಾರೆ.